ಬೆಂಚಿನ ಹಿಂದಿನ ಹುತ್ತ

ಏಳನೆಯ ಚಿಗಳಿ ಉಂಡೆ ಅಂಗೈಯಲ್ಲಿ ಉರುಳುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು. ನಾಗರಪಂಚಮಿಯ ದಿನ, ಎಳ್ಳುಬೆಲ್ಲ ಮೆತ್ತಿದ ಕೈ. ನಿರುಪಮಾ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, ಮೊಣಕೈಯಿಂದಲೇ ಬಾಗಿಲು ತೆಗೆದಳು. ಎದುರುಮನೆಯ ಮಿಸೆಸ್ ಡೊನಾಟೊ ಕಾಗದ ಹಿಡಿದು ನಿಂತಿದ್ದರು.

“ಇದಕ್ಕೆ ಸಹಿ ಹಾಕು ಡಿಯರ್. ಪಾರ್ಕಿನ ಕೊಳದ ದಂಡೆಗೆ ಜಾರುಬಂಡೆ, ಪಿಕ್ನಿಕ್ ಮೇಜು ಬರುತ್ತವೆ. ನನ್ನ ಐದು ಮೊಮ್ಮಕ್ಕಳನ್ನ ಮನೇಲಿ ಹಿಡಿಯೋಕಾಗಲ್ಲ. ಹನ್ನೊಂದಕ್ಕೆ ಪಾರ್ಕಿನ ಆಫೀಸರ್ ಬರ್ತಾನೆ.”

“ದಂಡೇಲಿ ಎಲ್ಲಿ?”

“ಆ ಒಂಟಿ ಬೆಂಚಿದೆಯಲ್ಲ, ಅಲ್ಲಿ. ಯಾರೂ ಕೂರಲ್ಲ.”

ನಿರುಪಮಾ ಕೂರುತ್ತಿದ್ದಳು. ಅಮೇರಿಕಾದ ಈ ಮೆಟುಚೆನ್ನಿಗೆ ಬಂದ ಮೂರು ವರ್ಷದಿಂದ, ಹಿಮ ಬಿದ್ದ ದಿನ ಬಿಟ್ಟು, ಮಧ್ಯಾಹ್ನ ಎರಡರಿಂದ ಎರಡೂವರೆ. ಅಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಗಂಡ ಸೂರ್ಯನಾರಾಯಣನಿಗೂ ಹೇಳಿರಲಿಲ್ಲ. ಹೇಳಿದ್ದರೆ ಶನಿವಾರ ಅವನೂ ಬಂದು ಪಕ್ಕದಲ್ಲಿ ಕೂತು ತನ್ನ ಬಾಸ್‌ನ ಪುರಾಣ ತೆಗೆಯುತ್ತಿದ್ದ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಸಹಿ ಹಾಕಿದಳು. ಕಾಗದಕ್ಕೆ ನಾಲ್ಕು ಎಳ್ಳು ಅಂಟಿದವು.

ಮಿಸೆಸ್ ಡೊನಾಟೊ ಆಚೆ ಹೋಗುತ್ತಿದ್ದಂತೆ ಮೇಲಿನ ಮಹಡಿಯ ಮನೆಯಿಂದ ಕಮಲವ್ವ ಇಳಿದು ಬಂದರು. ಮಗ ಮುಕುಂದನ ಮನೆಗೆಂದು ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು.

“ನಿರುಪಮಾ, ಹಾಲು ಎಲ್ಲಿ ಎರಿಯೋಣು?”

“ಬೆಳ್ಳಿ ನಾಗಪ್ಪ ಇದಾನಲ್ಲ, ಮನೇಲೇ ಎರೀಬೋದಲ್ವ ಕಮಲವ್ವ?”

“ಪಾತ್ರಿ ತೊಳಿಯೋ ಸಿಂಕಿನ್ಯಾಗ ನಾಗಪ್ಪನ್ನ ಕುಂದರಸ್ತೀಯೇನ? ಹುತ್ತ ಬೇಕವ್ವ, ಹುತ್ತ. ಇಷ್ಟು ದೊಡ್ಡ ಅಮೇರಿಕಾದಾಗ ಒಂದು ಹುತ್ತ ಇಲ್ಲೇನು?”

ನಿರುಪಮಾಳಿಗೆ ಗೊತ್ತಿದ್ದ ಒಂದೇ ಮಣ್ಣುಗುಡ್ಡೆ ಅವಳ ಬೆಂಚಿನ ಹಿಂದಿತ್ತು. ಅದು ಹುತ್ತವಲ್ಲ, ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ಬಿಲ. ಹೆಗ್ಗಣದ ದೊಡ್ಡಪ್ಪನಂತೆ ಕಾಣುವ ಆ ಪ್ರಾಣಿ ದಿನಾ ಅವಳೆದುರು ಹುಲ್ಲು ಮೇಯುತ್ತಿತ್ತು. ಅದೂ ಏನೂ ಕೇಳುತ್ತಿರಲಿಲ್ಲ. ಬೆಂಚನ್ನು ಕೊನೆಯ ಸಲ ನೋಡಿದಂತೆಯೂ ಆಯಿತೆಂದು ಕಮಲವ್ವನನ್ನು ಕರೆದುಕೊಂಡು ಹೋದಳು.

ಕಮಲವ್ವ ಬಿಲಕ್ಕೆ ಅರಿಸಿನ ಕುಂಕುಮ ಏರಿಸಿ, ಚಿಗಳಿ ಇಟ್ಟು, ಹಾಲು ಎರೆಯತೊಡಗಿದರು. “ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ನನ್ನ ಮುಕುಂದನ ಪಾಲು…” ಸೋದರಮಾವಂದಿರ ಸರದಿ ಮುಗಿಯುವಾಗ ಡಬ್ಬದ ತಳ ಕಂಡಿತು. “ಹೂಂ, ನಿಮ್ಮವರದು ಹಾಕು.”

ಗಂಡನ ಪಾಲು, ಅತ್ತೆಮಾವಂದಿರ ಪಾಲು, ತಮ್ಮನ ಪಾಲು ಎರೆದು ನಿರುಪಮಾ ನಿಂತಳು. “ನಮ್ಮ ಪಾಲು, ಕಮಲವ್ವ?”

“ನಮ್ಮದು ನಾವ ಹಾಕ್ಕೋತಾರೇನ ಹುಚ್ಚಿ? ಬ್ಯಾರೇದವರು ಹಾಕ್ತಾರ.”

“ಯಾರು?”

ಕಮಲವ್ವ ಸೆರಗು ಸರಿಮಾಡಿಕೊಂಡರು.

ಅಷ್ಟರಲ್ಲಿ ಜಾರುಬಂಡೆ, ಮೇಜು, ಮರದ ಗೂಟಗಳನ್ನು ಹೇರಿಕೊಂಡ ಟ್ರಕ್ಕು ಬಂತು. ಆಫೀಸರೂ ಮಿಸೆಸ್ ಡೊನಾಟೊ ಅವರೂ ಇಳಿದರು. ಸೀರೆಯುಟ್ಟ ಇಬ್ಬರು ಹೆಂಗಸರು ಒಂದು ತೂತಿಗೆ ಕೈಮುಗಿದು ನಿಂತದ್ದನ್ನು ಕಂಡು ಆಫೀಸರ್ ಟೋಪಿ ತೆಗೆದ. “ಅದರೊಳಗೇನಿದೆ?”

“ಏನಂತಾನವ್ವಾ?”

“ಒಳಗೆ ಏನಿದೆ ಅಂತ.”

“ನಾಗಪ್ಪ ಅದಾನಂತ ಹೇಳು!” ಕಮಲವ್ವ ಅಂಗೈ ಬಿಚ್ಚಿ ತಲೆಯ ಮೇಲೆ ಹೆಡೆ ಎತ್ತಿದರು.

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ನಿರುಪಮಾ ಬೆಂಚನ್ನು ನೋಡಿದಳು, ಜಾರುಬಂಡೆಯನ್ನು ನೋಡಿದಳು. “ಸ್ನೇಕ್,” ಎಂದಳು. “ವೆರಿ ಬಿಗ್. ವೆರಿ ರೇರ್.” ಸುಳ್ಳೇನಲ್ಲ, ಹಿರಿಯರ ಮಾತಿನ ಭಾಷಾಂತರ. ಕೊನೆಯ ಎರಡು ಮಾತು ಹೆಡೆಯ ಭಾಷಾಂತರ.

ಆಫೀಸರನ ಮುಖ ಮದುಮಗನ ಮುಖದಂತೆ ಅರಳಿತು. ಅಪರೂಪದ ಪ್ರಾಣಿಗಳನ್ನು ಕಾಯಬೇಕೆಂದು ಹೊಸ ಕಾನೂನು ಬಂದು ವರ್ಷವೂ ಆಗಿರಲಿಲ್ಲ; ಪಾಪ, ಅವನಿಗೆ ಕಾಯಲು ಇದುವರೆಗೆ ಸಿಕ್ಕಿದ್ದು ಬಾತುಕೋಳಿ ಮಾತ್ರ. “ಇಲ್ಲಿ ಜಾರುಬಂಡೆ ಹಾಕೋ ಹಾಗಿಲ್ಲ!” ಎಂದ.

“ಹಾವಿಗಿಂತ ನನ್ನ ಮೊಮ್ಮಕ್ಕಳು ಕಡೆಯೇ?” ಮಿಸೆಸ್ ಡೊನಾಟೊ ಸೊಂಟಕ್ಕೆ ಕೈ ಕೊಟ್ಟರು.

“ಇಬ್ಬರಿಗೂ ನ್ಯಾಯ ಮಾಡ್ತೀನಿ ಮೇಡಂ.”

ನಿರುಪಮಾ ತೇಲುತ್ತಾ ಮನೆಗೆ ಬಂದು ಕಡುಬು ಬೇಯಿಸಿದಳು. ಹಬೆಗೆ ಮಬ್ಬಾದ ಕಿಟಕಿಯಾಚೆ ಏನೋ ಕುಟ್ಟುವ ಸದ್ದಾದರೂ ತಿರುಗಿ ನೋಡಲಿಲ್ಲ. ಎರಡು ಗಂಟೆಗೆ ಕೊಳದ ಬಳಿ ಹೋದರೆ ಬೆಂಚಿನ ಸುತ್ತ ಎದೆಮಟ್ಟದ ಬೇಲಿ ಎದ್ದಿತ್ತು. ಬೆಂಗಳೂರಿನಲ್ಲಾಗಿದ್ದರೆ ಇದಕ್ಕೆ ಮೂರು ಕಮಿಟಿ ಬೇಕಾಗುತ್ತಿತ್ತು. ಇಲ್ಲಿ ಮೂರು ಗಂಟೆ ಸಾಕಾಗಿತ್ತು. ‘ಮನುಷ್ಯರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು. ಒಳಗೆ ಅವಳ ಬೆಂಚಿನ ಮೇಲೆ ಗ್ರೌಂಡ್‌ಹಾಗ್ ಕೂತು, ಎರಡು ಕೈಯಲ್ಲಿ ಚಿಗಳಿ ಹಿಡಿದು ತಿನ್ನುತ್ತಿತ್ತು.

ಆಫೀಸರ್ ಬೆವರು ಒರೆಸಿಕೊಂಡ. “ಅರ್ಧ ಪ್ರಾಣಿಗಳಿಗೆ, ಅರ್ಧ ಮಕ್ಕಳಿಗೆ. ಎಲ್ಲರಿಗೂ ಅವರವರ ಪಾಲು ಸಿಕ್ಕಿತು!”

“ಮಕ್ಕಳದು ಎಲ್ಲಿ?”

ಅವನು ಬೆರಳು ತೋರಿದ ಕಡೆ, ಪಾರ್ಕಿನ ಅಂಚಿನಲ್ಲಿ, ಅವಳ ಅಡುಗೆಮನೆಯ ಕಿಟಕಿಯ ಕೆಳಗೇ, ಜಾರುಬಂಡೆ ಹೊಳೆಯುತ್ತಿತ್ತು. ಐದೂ ಮೊಮ್ಮಕ್ಕಳು ಕಿರುಚುತ್ತಾ ಜಾರುತ್ತಿದ್ದರು. ಮಿಸೆಸ್ ಡೊನಾಟೊ ಅಲ್ಲಿಂದಲೇ ಕೂಗಿದರು: “ಡಿಯರ್! ದಿನಾ ಎರಡರಿಂದ ಮೂರು ನಾನು ಮಲಗ್ತೀನಿ. ನೀನು ಹೇಗೂ ಕಿಟಕೀಲಿ ಇರ್ತೀಯಲ್ಲ, ಸ್ವಲ್ಪ ಇವರ ಮೇಲೆ ಕಣ್ಣಿಟ್ಟಿರು!”

ತಾನು ಪ್ರಾಣಿಯೂ ಅಲ್ಲ, ಮಗುವೂ ಅಲ್ಲ ಎಂದು ಆಫೀಸರನಿಗೆ ಹೇಳುವಷ್ಟು ಇಂಗ್ಲಿಷು ಅವಳಲ್ಲಿತ್ತು. ಆದರೂ ಮನೆಯ ಕಡೆ ಹೊರಟಳು. ಬೇಲಿಯ ಬುಡದಲ್ಲಿ, ಪೊದೆಯ ಮರೆಗೆ, ಹಸಿ ಮಣ್ಣು ಕಂಡಿತು. ಗ್ರೌಂಡ್‌ಹಾಗ್ ಆಗಲೇ ತನ್ನ ದಾರಿ ತೋಡಿಕೊಂಡಿತ್ತು. ತೂತು ಇಡ್ಲಿಪಾತ್ರೆಗಿಂತ ಅಗಲ, ಅವಳ ಸೊಂಟಕ್ಕಿಂತ ಸ್ವಲ್ಪವೇ ಚಿಕ್ಕದು. ನಿರುಪಮಾ ಅತ್ತಿತ್ತ ನೋಡಿ ಗೇಣಿನಿಂದ ಅಳೆದಳು.

ಸಂಜೆ ಊಟಕ್ಕೆ ಕೂತಾಗ ಸೂರ್ಯನಾರಾಯಣ ಹುಬ್ಬೇರಿಸಿದ. “ಇದೇನೇ, ಹಬ್ಬದ ದಿನ ನಿನಗೆ ಒಂದೇ ಕಡುಬು?”

“ಸಾಕು. ಅಂದ ಹಾಗೆ ನಿಮ್ಮ ಹಳೇ ಖಾಕಿ ಪ್ಯಾಂಟು ಎಸೀಬೇಡಿ.”

“ಯಾಕೆ?”

“ನೆಲ ಒರೆಸೋಕೆ.”

ತನ್ನ ಪಾಲಿನ ಎರಡನೆಯ ಕಡುಬನ್ನು ಅವನ ತಟ್ಟೆಗೆ ಹಾಕಿ, ಎಲೆ ಉದುರಿ ಪೊದೆಯ ಮರೆ ಹೋಗಲು ಇನ್ನೆಷ್ಟು ವಾರ ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು.