ಒಂದು ಗೇಣು ಹೆಚ್ಚಿನ ಹೋಸು

ಕಬ್ಬಿಣದ ನಟ್ಟಿನ ಬಳಿ ಕ್ಷಮೆ ಕೇಳಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ತಾಯಿಯ ಅಣ್ಣ, ನನ್ನ ಮಾಮ. ಒಂದು ಬೆಳಿಗ್ಗೆ ಸ್ಪ್ಯಾನರನ್ನು ಅರ್ಧ ಸುತ್ತು ಹೆಚ್ಚಾಗಿ ತಿರುಗಿಸಿ ನಟ್ಟೊಂದನ್ನು ಸೀಳಿದರು. ಬಳಿಕ ಅದನ್ನು ಅಂಗೈಯಲ್ಲಿಟ್ಟುಕೊಂಡು, "ನಿಂದ ಏನೂ ತಪ್ಪಿಲ್ಲೆ, ಎನ್ನ ಕೈಯೇ ಜಾಸ್ತಿ ಆತ" ಎಂದು ಮೆಲ್ಲಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇದೇ ಮಾಮ ನಲವತ್ತು ವರ್ಷಗಳ ದಾಂಪತ್ಯದಲ್ಲಿ ಮಾಮಿಯ ಬಳಿ ಒಮ್ಮೆಯಾದರೂ ಕ್ಷಮೆ ಕೇಳಿದ ದಾಖಲೆಯಿಲ್ಲ! ಇದನ್ನು ಅನ್ಯಾಯವೆನ್ನದೆ ಬೇರೇನೆನ್ನಬೇಕು?

ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕೆಂದು ನನಗೆ ಕಲಿಸಿದ್ದು ಮೈಸೂರಿನ ನನ್ನ ಶಾಲೆ. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಯಾರಾದರೂ ತಪ್ಪು ಮಾಡಿದರೆ ಎಲ್ಲರೂ ನೆಲದ ಮೇಲೆ ದುಂಡಗೆ ಕುಳಿತು ಆ ತಪ್ಪಿಗೊಂದು ಹೆಸರಿಡುತ್ತಿದ್ದೆವು. ಇಂದಿಗೂ ನಾನು ಮಾಡುತ್ತಿರುವುದು ಅದನ್ನೇ. ತೊರೆಗೆ ಕೊಳಚೆ ಬಿಡುವ ಹೋಟೆಲು, ಚಹಾ ಎಲೆ ಕೀಳುವ ಹೆಂಗಸರಿಗೊಂದು ಶೌಚಾಲಯ ಕಟ್ಟಿಸದ ಎಸ್ಟೇಟು, ಗುಡ್ಡದ ಬುಡವನ್ನು ಕಡಿದು ಕಾಟೇಜು ಎಬ್ಬಿಸುವವರು, ಇವರೆಲ್ಲರಿಗೂ ನನ್ನ ಪತ್ರಗಳು ಹೋಗಿವೆ. ಉತ್ತರಗಳು ಬಂದಿಲ್ಲ. ಅದೂ ಒಂದು ತಪ್ಪೇ, ಅದಕ್ಕೂ ಪತ್ರ ಹೋಗಿದೆ.

ಮಾಮನ ಹಟ್ಟಿ, ಎಂದರೆ ಅವರ ಪುಟ್ಟ ಊರು, ಊಟಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ಅವರಿಗೊಂದು ಚಹಾ ತೋಟ, ಎರಡು ಪಟ್ಟಿ ಕ್ಯಾರೆಟ್ ನೆಲ, ಮತ್ತು ಮುಂದೆ ಬಕೆಟ್ ಜೋಡಿಸಿದ ಒಂದು ಹಳೆಯ ಟ್ರ್ಯಾಕ್ಟರು. ಗೊಬ್ಬರ ಎತ್ತುವುದು ಆ ಬಕೆಟ್ಟಿನ ನಿತ್ಯದ ಕೆಲಸ. ಮಳೆಗಾಲದಲ್ಲಿ ಗುಡ್ಡ ಜರಿದಾಗ ಹಟ್ಟಿಯ ರಸ್ತೆಯ ಮಣ್ಣು ತೆಗೆಯುವುದು ಅದರ ಗೌರವದ ಕೆಲಸ. ಬಕೆಟ್ಟನ್ನು ಎತ್ತುವುದು ಎಣ್ಣೆಯ ಒತ್ತಡ. ಆ ಎಣ್ಣೆಯನ್ನು ಒಯ್ಯುವುದು ಹೆಬ್ಬೆರಳ ದಪ್ಪದ ಕರಿಯ ರಬ್ಬರ್ ಹೋಸು, ಹೋಸನ್ನು ಕಬ್ಬಿಣಕ್ಕೆ ಕಚ್ಚಿ ಹಿಡಿಯುವುದು ಅದರ ತುದಿಯ ಫಿಟ್ಟಿಂಗು. ಈ ಫಿಟ್ಟಿಂಗುಗಳೇ ನನ್ನ ಮಾಮನ ಬಂಧುಬಳಗ.

ಬಂಧುಬಳಗವೆಂದು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ! ಅವರ ನಡುಮನೆಯ ಗೋಡೆಯಲ್ಲಿ ದೇವರ ಪಟಕ್ಕೂ ಅಜ್ಜನ ಫೋಟೋಕ್ಕೂ ನಡುವೆ ಒಂದು ಹಲಗೆಯಿದೆ. ಅದರ ಮೇಲೆ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಗಳು ಸಾಲಾಗಿ ನಿಂತಿವೆ. ಪ್ರತಿ ಬಾಟಲಿಯಲ್ಲೂ ತೀರಿಹೋದ ಒಂದೊಂದು ಫಿಟ್ಟಿಂಗು. ಪ್ರತಿ ಬಾಟಲಿಗೂ ಮಾಮನ ಮುದ್ದಾದ ಅಕ್ಷರದಲ್ಲಿ ಒಂದು ಚೀಟಿ. "ಸಾವಿಗೆ ಕಾರಣ: ಅತಿಯಾದ ಬಿಗಿ." "ಸಾವಿಗೆ ಕಾರಣ: ತಿರುಪಿನ ಸುತ್ತು ತಪ್ಪಿದ್ದು, ಬಲವಂತದಿಂದ ಕೂಡಿಸಿದ್ದು." "ಸಾವಿಗೆ ಕಾರಣ: ಕಲ್ಲಿಗೆ ಉಜ್ಜಿದ್ದು, ಮೂರು ತಿಂಗಳು ಯಾರೂ ನೋಡಲಿಲ್ಲ." ಓದುತ್ತಾ ಹೋದರೆ ಕಣ್ಣು ತೇವವಾಗುತ್ತದೆ. ಎಷ್ಟೋ ಮನುಷ್ಯರಿಗೂ ಇಷ್ಟು ಪ್ರಾಮಾಣಿಕವಾದ ಮರಣಪತ್ರ ಸಿಕ್ಕಿರಲಾರದು!

ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನ ಮಾಮಿ ಆ ಹಲಗೆಗೊಂದು ಪರದೆ ಎಳೆದಿದ್ದರು. ಮಾಮ ಕಾಫಿ ಬರುವಷ್ಟರಲ್ಲಿ ಪರದೆ ಸರಿಸಿ, ಒಂದು ಬಾಟಲಿಯ ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ ವರನ ಕೈಗಿತ್ತರು. "ಇದ ಹೆಂಗ ಸತ್ತದು, ಹೇಳ ನೋಡುವ." ಹುಡುಗ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಹೋಸು ತಿರುಚಿಕೊಂಡಿತ್ತು, ಅಲ್ಲವಾ ಮಾಮಾ?" ಎಂದ. ಜಾತಕವನ್ನು ಯಾರೂ ಕೇಳಲಿಲ್ಲ. ಹೆಣ್ಣಿನ ಒಪ್ಪಿಗೆಯನ್ನು ಕೇಳಿದರೇ ಎಂದು ಕೇಳಿದವಳು ನಾನೊಬ್ಬಳೇ. "ಅಪ್ಪ ಯಾವ ಬಾಟಲಿ ಕೊಡುತ್ತಾರ, ಅದ ಹೆಂಗ ಸತ್ತದು ಅಂತ ಅವನಿಗ ಮೊದಲೇ ಹೇಳಿಕೊಟ್ಟದೇ ನಾನು, ಸುಮ್ಮನಿರು" ಎಂದು ಮದುಮಗಳು ನನ್ನ ತೊಡೆ ಚಿವುಟಿದಳು!

ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದರಲ್ಲೂ ಮಾಮನದು ಬೇರೆಯೇ ಪದ್ಧತಿ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಗಿಳಿಯುತ್ತದೆ. ಕೈಯನ್ನೇ ಕತ್ತರಿಸಬೇಕಾಗಿ ಬಂದೀತು. ಆದ್ದರಿಂದ ಹೋಸಿನ ಹತ್ತಿರ ಬರಿಗೈ ಒಯ್ದವರನ್ನು ಅವರು ಬೈದು ಓಡಿಸುತ್ತಾರೆ. ತಾವು ಮಾತ್ರ ತಲೆಯ ಬಿಳಿಯ ಮುಂಡಾಸನ್ನು ಬಿಚ್ಚಿ, ಒಂದು ಕೋಲಿನ ತುದಿಗೆ ಕಟ್ಟಿ, ಹೋಸಿನ ಉದ್ದಕ್ಕೂ ನಿಧಾನವಾಗಿ ಹಿಡಿಯುತ್ತಾರೆ. ಬಟ್ಟೆಯ ಮೇಲೆ ಚುಕ್ಕೆ ಬಿದ್ದಲ್ಲಿ ತೂತು! ವಿಜ್ಞಾನ ನಿರ್ದೋಷವಾದದ್ದು; ತಕರಾರಿರುವುದು ಅನಂತರದ ಸಂಗತಿಯ ಬಗ್ಗೆ. ಅದೇ ಮುಂಡಾಸನ್ನು ಮತ್ತೆ ತಲೆಗೆ ಸುತ್ತಿಕೊಂಡು ಅವರು ಮದುವೆಮನೆಗೆ ಹೋಗುತ್ತಾರೆ.

"ಎಲ್ಲಾರ ತಲೆಯಲ್ಲಿ ಮುಂಡಾಸು," ಎನ್ನುತ್ತಾರೆ ಮಾಮಿ, "ಇವರ ತಲೆಯಲ್ಲಿ ಚಿರತೆ!"

ಕಳೆದ ಬೇಸಿಗೆಯಲ್ಲಿ ಒಂದು ವಾರ ಅವರ ಮನೆಯಲ್ಲಿದ್ದು ಹೋಗಿದ್ದೆ. ಮತ್ತೆ ಮಳೆಗಾಲದಲ್ಲಿ ಹೋದಾಗ ಹಲಗೆಯ ತುದಿಗೆ ಮೂರು ಹೊಸ ಬಾಟಲಿಗಳು ಬಂದಿದ್ದವು. ಬಕೆಟ್ಟನ್ನು ಹೊತ್ತ ಬಲಗಡೆಯ ಕಬ್ಬಿಣದ ತೋಳಿನ ಹೋಸು, ಅದೇ ಜಾಗದಲ್ಲಿ, ಅದೇ ಫಿಟ್ಟಿಂಗಿನ ಕುತ್ತಿಗೆಯಲ್ಲಿ ಮೂರು ಸಲ ಮುರಿದಿತ್ತು! ಒಂದು ಸಲವಂತೂ ಹಟ್ಟಿಯ ರಸ್ತೆಯ ನಟ್ಟನಡುವೆ, ಮೇಲೆತ್ತಿದ ಬಕೆಟ್ಟಿನಿಂದ ಎಣ್ಣೆ ಸುರಿದು, ಊರಿನ ಜೀಪು ಅರ್ಧ ದಿನ ಆಚೆಗೇ ನಿಂತಿತ್ತಂತೆ.

ಹಟ್ಟಿಯ ಕೂಟ ಸೇರಿತು. ಊರಗೌಡರು ಕೆಟ್ಟವರಲ್ಲ. ಅವರು ಮಾಮನ ಮುಖ ನೋಡದೆ ನೆಲ ನೋಡುತ್ತಾ ಹೇಳಿದರು: "ಭಾವಾ, ಇನ್ನೊಂದ ಸಲ ಒಡೆದರ, ರಸ್ತೆ ಕೆಲಸಕ್ಕ ಹೊರಗಿಂದ ಮಿಷನ್ ಕರೆಸುವ. ಜನ ಕೇಳ್ತಾರ, ನಾ ಏನ ಹೇಳಲಿ?"

ಮಾಮ "ಸರಿ" ಎಂದರು. ಅಷ್ಟೇ. ಕೂಟದಲ್ಲಿ ಮಾತನಾಡಿದವರಲ್ಲ, ಪಂಚಾಯಿತಿಗೆ ನಿಂತವರಲ್ಲ. ಮಳೆ ಹಿಡಿದ ಬೆಳಿಗ್ಗೆ "ಮಣ್ಣು ಬಿದ್ದದೆ, ಬನ್ನಿ" ಎಂದು ಯಾರಾದರೂ ಬಾಗಿಲು ಬಡಿಯುವುದೊಂದೇ ಆ ಊರಿನಲ್ಲಿ ಅವರಿಗಿದ್ದ ಸ್ಥಾನ. ಅದು ಹೋದರೆ ಮುಂಡಾಸಿನ ಚುಕ್ಕೆಗಳಷ್ಟೇ ಉಳಿಯುತ್ತಿದ್ದವು.

ನಾನು ಸುಮ್ಮನಿರುವವಳೇ? ಒಂದೇ ಭಾಗ ಮೂರು ಸಲ ಮುರಿಯುವುದೆಂದರೇನು? ಮೋಸ! ಕಳಪೆ ಸಾಮಾನು! ಬಡ ರೈತನ ಅಜ್ಞಾನವನ್ನು ಬಂಡವಾಳ ಮಾಡಿಕೊಂಡ ವ್ಯಾಪಾರ! ಗ್ರಾಹಕರ ನ್ಯಾಯಾಲಯಕ್ಕೆ ನಾಲ್ಕು ಪುಟಗಳ ದೂರು ಸಿದ್ಧಪಡಿಸಿದೆ. ಹೋಸಿನ ಅಂಗಡಿಯವನಿಂದ ಹಿಡಿದು ಹಟ್ಟಿಯ ರಸ್ತೆಗೆ ಚರಂಡಿ ತೋಡದ ಗುತ್ತಿಗೆದಾರನವರೆಗೆ ಏಳು ಮಂದಿ ಅಪರಾಧಿಗಳನ್ನು ಕ್ರಮಸಂಖ್ಯೆ ಸಹಿತ ಹೆಸರಿಸಿದೆ.

"ಅಜ್ಞಾನ ಅಂತ ಬರೆದದೆಯಲ್ಲ, ಅದ ನಾನಾ?" ಎಂದು ಮಾಮ ಕೇಳಿದರು.

"ಅದು ಕಾನೂನಿನ ಭಾಷೆ ಮಾಮಾ."

"ಹಂಗಾದರ ಸರಿ."

ಮರುದಿನ ಇಬ್ಬರೂ ಊಟಿಯ ಅಂಗಡಿಗೆ ಹೋದೆವು. ಅಂಗಡಿಯಾತ ನನ್ನ ಭಾಷಣವನ್ನು ಕೊನೆಯವರೆಗೂ ಕೇಳಿದ. ಮುರಿದ ಫಿಟ್ಟಿಂಗನ್ನು ತಿರುಗಿಸಿ ನೋಡಿ, "ಮ್ಯಾಡಂ, ಇದು ತಾನಾಗಿ ಮುರಿದದ್ದಲ್ಲ, ಯಾವುದೋ ಎಳೆದಿದೆ" ಎಂದ. ತಪ್ಪಿತಸ್ಥರು ಯಾವಾಗಲೂ ಹೀಗೆಯೇ ಅಲ್ಲವೇ ಹೇಳುವುದು! ನಾನು ಮತ್ತೆ ಆರಂಭಿಸುವಷ್ಟರಲ್ಲಿ ಮಾಮ ನಾಚಿಕೆಯಿಂದ ಕುಗ್ಗಿ, ತಮಗೆ ಏನೇನೂ ಬೇಡವಾದ ಎರಡು ಕ್ಲಾಂಪುಗಳನ್ನು ಕೊಂಡರು. ಆಮೇಲೆ ಹೊಸ ಹೋಸನ್ನು ಅಳೆಯುವಾಗ ಮೆಲ್ಲಗೆ, "ಹಳೇದಕ್ಕಿಂತ ಒಂದು ಗೇಣು ಜಾಸ್ತಿ ಬಿಡಪ್ಪ" ಎಂದರು.

"ಮಾಮಾ! ಅಳತೆ ಟ್ರ್ಯಾಕ್ಟರಿನ ಪುಸ್ತಕದಲ್ಲೇ ಇದೆ. ನೀವು ಹೆಚ್ಚು ಕೊಂಡಷ್ಟೂ ಲಾಭ ಇವರಿಗೇ ಅಲ್ಲವೇ?"

"ಇರಲಿ ಕೂಸು. ಒಂದು ಗೇಣು."

ಅಂಗಡಿಯವನೂ ಮಾಮನೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಇದು ಗಂಡಸರ ಒಳಸಂಚೆಂದು ದೂರಿನ ಐದನೆಯ ಪುಟಕ್ಕೆ ಸೇರಿಸಿಕೊಂಡೆ.

ಮಾಮ ಅಂದು ಸಂಜೆಯೇ ಹೊಸ ಹೋಸನ್ನು ಜೋಡಿಸಿದರು. ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹಟ್ಟಿಯ ಕೆಳಗಿನ ತಿರುವಿನಲ್ಲಿ ಗುಡ್ಡ ಜರಿದಿತ್ತು. ಹಿಂದಿನ ದಿನ ಕಿತ್ತ ಎಲೆಯ ಮೂಟೆಗಳನ್ನು ಹೊತ್ತ ಜೀಪು ಈಚೆಗೇ ಸಿಕ್ಕಿಕೊಂಡಿತ್ತು. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಎಲೆ ಕಾವು ಹಿಡಿದು ಕೆಂಪಾಗುತ್ತದೆ, ಫ್ಯಾಕ್ಟರಿಯವರು ತೆಗೆದುಕೊಳ್ಳುವುದಿಲ್ಲ. ಮಾಮ ಸ್ಪ್ಯಾನರು ಹುಡುಕುತ್ತಿದ್ದಾಗ, ಹೋಸು ಮತ್ತೆ ಮುರಿಯುವುದು ಖಂಡಿತವೆಂದು ನಂಬಿದ್ದ ನಾನು, ಸಾಕ್ಷ್ಯಕ್ಕಾಗಿ ಆ ಮೂರು ಬಾಟಲಿಗಳ ಫೋಟೋ ತೆಗೆಯಲು ನಿಂತೆ.

ಆಗ ನೋಡಿದೆ. ಮೂರಕ್ಕೂ ಚೀಟಿ ಅಂಟಿಸಿತ್ತು. "ಸಾವಿಗೆ ಕಾರಣ:" ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ.

ಒಂದು ವಾಷರಿನ ಸಾವಿಗೂ ಮೂರು ದಿನ ತನಿಖೆ ನಡೆಸುವ ಮನುಷ್ಯ, ಮೂರು ಚೀಟಿಗಳನ್ನು ಖಾಲಿ ಬಿಡುವುದೆಂದರೇನು?

"ಮಾಮಾ, ಇದಕ್ಕೇಕೆ ಬರೆದಿಲ್ಲ?"

"ಪೆನ್ನಲ್ಲಿ ಮಸಿ ಇರಲಿಲ್ಲೆ" ಎಂದು ಅವರು ಹಿತ್ತಿಲಿಗೆ ನಡೆದರು. ಅವರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು.

ನಾನು ಅಂಗಳಕ್ಕೆ ಬಂದೆ. ಟ್ರ್ಯಾಕ್ಟರಿನ ಬಲಗಡೆ ಮಾಮಿ ತುದಿಗಾಲಲ್ಲಿ ನಿಂತಿದ್ದರು. ತಾವು ಉಟ್ಟು ಹಳೆಯದಾದ ಬಿಳಿ ಮುಂಡಿನಿಂದ ಹರಿದ ಒಂದು ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹೊಸ ಹೋಸನ್ನು ಬಕೆಟ್ಟಿನ ತೋಳಿಗೆ ಒತ್ತಿ, ಕ್ಯಾರೆಟ್ ಕಂತೆಯನ್ನು ಕಟ್ಟುವಂತೆ ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದರು. ಆ ತೋಳಿನ ಮೇಲೆ ಬಿಳಿಯ ಚಿಂದಿಯೊಂದನ್ನು ನಾನು ಬಂದ ದಿನವೇ ನೋಡಿದ್ದೆ. ಎಣ್ಣೆ ಒರೆಸುವ ಬಟ್ಟೆಯೆಂದುಕೊಂಡಿದ್ದೆ.

"ಏನು ಮಾಡುತ್ತಿದ್ದೀರಿ ಮಾಮಿ?"

"ಹಿಂಗ ಕೇಳ್ತಿಯಲ್ಲ! ನೀನೇ ಅಲ್ಲವಾ ಬೇಸಿಗೆಯಲ್ಲಿ ಹೇಳಿದ್ದು? ಜೋತುಬಿದ್ದ ಹೋಸು ಮರದ ಮೋಟಿಗ ಸಿಕ್ಕಿಕೊಂಡರ ಟ್ರ್ಯಾಕ್ಟರು ಇಳಿಜಾರಲ್ಲಿ ಉರುಳುತ್ತದ, ಮನುಷ್ಯ ಅಡಿಯಲ್ಲಿ ಹೋಗುತ್ತಾನ ಅಂತ, ಫೋನಲ್ಲಿ ಚಿತ್ರಾನೂ ತೋರಿಸಿದೆ. ಅಂದಿನಿಂದ ದಿನಾ ನಾನೇ ಕಟ್ಟುತ್ತೇನ. ಇವರಿಗ ಬಿಟ್ಟರ ಆಗುತ್ತದಾ?"

ಹೌದು, ಹೇಳಿದ್ದೆ. ಅಡುಗೆಮನೆಯಲ್ಲಿ, ಸುರಕ್ಷತೆಯೆಂಬುದು ಪ್ರತಿಯೊಬ್ಬ ದುಡಿಯುವ ಮನುಷ್ಯನ ಹಕ್ಕೆಂದು, ಅರ್ಧ ಗಂಟೆ ಹೇಳಿದ್ದೆ. ಆದರೆ ಬಕೆಟ್ಟಿನ ತೋಳು ಮೇಲೇರಿದಾಗ ಹೋಸು ಬಾಗಲು ಆ ಸಡಿಲು ಬೇಕೆಂಬುದು ನನಗಾಗಲಿ ಮಾಮಿಗಾಗಲಿ ತಿಳಿದಿರಲಿಲ್ಲ. ಬಿಗಿದು ಕಟ್ಟಿದರೆ ತೋಳು ಏರಿದಷ್ಟೂ ಹೋಸು ಸೆಳೆಯುತ್ತದೆ, ಫಿಟ್ಟಿಂಗಿನ ಕುತ್ತಿಗೆ ಮುರಿಯುತ್ತದೆ. ಅಂಗಡಿಯಾತ ಹೇಳಿದ್ದು ಸತ್ಯ. ಯಾವುದೋ ಎಳೆದಿತ್ತು. ನನ್ನ ದೂರಿನಲ್ಲಿ ಏಳು ಹೆಸರುಗಳಿದ್ದವು. ಎಂಟನೆಯದಾದ ನನ್ನದನ್ನು ಬಿಟ್ಟಿದ್ದೆ, ಅದೊಂದೇ ಸರಿಯಾದ ಹೆಸರಾಗಿತ್ತು!

ಬಾಯಿ ತೆರೆದೆ. ಸತ್ಯವನ್ನು ಹೇಳಲೇಬೇಕಲ್ಲವೇ? ಅಷ್ಟರಲ್ಲಿ ಮಾಮ ಸ್ಪ್ಯಾನರು ಹಿಡಿದು ಬಂದು ನನ್ನ ಕಡೆ ಒಮ್ಮೆ ನೋಡಿದರು. ಬರಿಗೈಯನ್ನು ಹೋಸಿನ ಹತ್ತಿರ ಒಯ್ದವರನ್ನು ನೋಡುವ ನೋಟ ಅದು. ನಾನು ಬಾಯಿ ಮುಚ್ಚಿದೆ.

ತಿರುವಿನಲ್ಲಿ ಹಟ್ಟಿಗೆ ಹಟ್ಟಿಯೇ ಕೊಡೆ ಹಿಡಿದು ನಿಂತಿತ್ತು. ಮಾಮ ಮೊದಲ ಬಾರಿ ಮಣ್ಣೆತ್ತಿದರು. ತೋಳು ಮೇಲೇರಿತು. ಮಾಮಿಯ ಬಿಳಿಯ ಗಂಟೂ ಜೊತೆಗೇ ಏರಿತು. ನನ್ನ ಕಣ್ಣು ಆ ಗಂಟಿನ ಆಚೆಗಿದ್ದ ಒಂದು ಗೇಣಿನ ಮೇಲಿತ್ತು. ತೋಳು ಏರಿದಂತೆ ಆ ಸಡಿಲು ಕರಗಿತು, ಕರಗಿತು, ಎರಡು ಬೆರಳಷ್ಟು ಉಳಿಯಿತು. ತೋಳು ನಿಂತಿತು. ಎರಡು ಬೆರಳಷ್ಟು ಉಳಿದೇ ಇತ್ತು! ಹನ್ನೊಂದು ಗಂಟೆಗೆ ಎಲೆಯ ಜೀಪು ಹಾರ್ನ್ ಬಾರಿಸುತ್ತಾ ತಿರುವನ್ನು ದಾಟಿತು. ಊರಗೌಡರು ಈ ಸಲ ನೆಲ ನೋಡಲಿಲ್ಲ. "ಭಾವಾ, ಮುಂದಿನ ಮಳೆಗೂ ನೀವೇ" ಎಂದರು.

ಮಾಮಿ ಕೊಡೆಯ ಕೆಳಗಿನಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು: "ನಾ ಒಳ್ಳಂಗ ಕಟ್ಟಿದ್ದರಿಂದ ನಿಂತಿತು, ಇಲ್ಲಾದರ ಇವತ್ತೂ ಹೋಗುತ್ತಿತ್ತು!"

"ಅದು ನಿಜ" ಎಂದರು ಮಾಮ, ಚಕ್ರದ ಮಣ್ಣು ಕೆರೆಯುತ್ತಾ.

ಮಾಮಿ ಮುಂದೆ ಹೋದ ಮೇಲೆ, ಟ್ರ್ಯಾಕ್ಟರನ್ನು ಬದಿಗೆ ನಿಲ್ಲಿಸಿ ಮನೆಗೆ ನಡೆಯುವ ಹಾದಿಯಲ್ಲಿ ಕೇಳಿಯೇಬಿಟ್ಟೆ. "ನಿಮಗೆ ಮೊದಲೇ ಗೊತ್ತಿತ್ತಲ್ಲವೇ ಮಾಮಾ? ಬಿಚ್ಚಲು ಹೇಳಬಹುದಿತ್ತು. ಹಟ್ಟಿಯೆದುರು ಅಷ್ಟು ಮಾತು ಕೇಳಿದಿರಿ!"

ಅವರು ಸ್ಪ್ಯಾನರಿನ ಮಣ್ಣನ್ನು ಮುಂಡಾಸಿನ ತುದಿಗೆ ಒರೆಸಿದರು. "ಮೊದಲ ಎರಡು ಸಲ ಗಂಟು ಎಲ್ಲಿ ಬೀಳುತ್ತದ ಅಂತ ನೋಡಬೇಕಿತ್ತು. ಮೂರನೇ ಸಲ ಎಷ್ಟು ಉದ್ದ ಸಾಲದು ಅಂತ ತಿಳಿತು." ಮತ್ತೆ ಸ್ವಲ್ಪ ನಡೆದು ಹೇಳಿದರು: "ನೀ ಆ ಚಿತ್ರ ತೋರಿಸಿದ ಮೇಲೆ, ನಾ ಇಳಿಜಾರಿಗ ಹೋದರ ನಿನ್ನ ಮಾಮಿ ಬರುವತನಕ ಬಾಗಿಲಲ್ಲೇ ನಿಂತಿರೋಳು. ಅನ್ನ ತಿನ್ನೋಳಲ್ಲ. ಕಟ್ಟಲು ಶುರು ಮಾಡಿದ ಮೇಲೆ ಒಳಗ ಹೋಗಿ ಕೂರುತ್ತಾಳ. ಹೋಸು ಒಂದು ಗೇಣು ಜಾಸ್ತಿ ಆದರ ಏನಾತ?"

ಮುಂದಿನ ವಾರ ಊಟಿಗೆ ಹೋಗಿ ಅಂಗಡಿಯವನ ಬಳಿ ಕ್ಷಮೆ ಕೇಳಿದೆ. ಆತ ಕಾಫಿ ತರಿಸಿದ. ಅಂಗಡಿಯ ಹೆಸರನ್ನು ದೂರಿನಿಂದ ಹೊಡೆದುಹಾಕಿದೆ. ಚರಂಡಿ ತೋಡದ ಗುತ್ತಿಗೆದಾರನದು ಹಾಗೆಯೇ ಇದೆ, ಅವನನ್ನು ನಾನು ಬಿಡುವುದಿಲ್ಲ. ಮೂರು ಬಾಟಲಿಗಳ ಚೀಟಿಗಳು ಈಗಲೂ ಖಾಲಿ.

ನಾನು ಹೊರಡುವ ಬೆಳಿಗ್ಗೆ ಮಾಮಿ ಹೊಸದೊಂದು ಪಟ್ಟಿ ಹರಿದು ತಂದರು. ಮಾಮ ಹೋಸನ್ನು ಅವರ ಕೈಗೆಟಕುವಂತೆ ಬಗ್ಗಿಸಿ ಹಿಡಿದು, ಸಡಿಲು ಕಾಣದ ಹಾಗೆ ತಮ್ಮ ಬೆನ್ನನ್ನು ಅಡ್ಡ ಮಾಡಿಕೊಂಡು ನಿಂತರು. ಚಳಿಗೆ ಮರಗಟ್ಟಿದ ಮಾಮಿಯ ಬೆರಳುಗಳಿಗೆ ಎರಡನೆಯ ಸುತ್ತು ನಿಲ್ಲುತ್ತಿರಲಿಲ್ಲ.

"ಏನ ನೋಡುತ್ತಾ ನಿಂತಿದ್ದೆ? ಇಲ್ಲಿ ಹಿಡಿ ಬಾ ಕೂಸು" ಎಂದರು ಮಾಮಿ.

ನಾನು ಚೀಲ ಕೆಳಗಿಟ್ಟು ಹೋಗಿ, ಗಂಟಿನ ಮೇಲೆ ಬೆರಳಿಟ್ಟು ನಿಂತೆ.