ಬಸುರಿ ಕಣ್ಣಿಗೆ ಎರಡು ತೊಟ್ಟು

ಕಣ್ಣಿನ ಡಾಕ್ಟರಿಗೂ ಬಸುರಿ ಹೆಂಗಸರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಪಾಂಡವಪುರದಲ್ಲಿ ಬೋರ್ಡು ಹಾಕುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಮದ್ರಾಸ್ ಐ ಬಂತೆಂದರೆ ಊರಿಗೆ ಊರೇ ಕೆಂಗಣ್ಣು ಬಿಡುತ್ತಿತ್ತು. ಬಸುರಿಯರಿಗೇನು ಅದು ರಿಯಾಯಿತಿ ಕೊಡುತ್ತಿತ್ತೇ? ಬೇರೆಯವರಿಗೆ ಕಣ್ಣಿಗೆ ಬಿಡುವ ತೊಟ್ಟು ಔಷಧಿ ಬರೆದುಕೊಟ್ಟರೆ ಚೀಟಿ ಹಿಡಿದು ಸುಮ್ಮನೆ ಹೋಗುತ್ತಿದ್ದರು. ಬಸುರಿಗೆ ಬರೆದರೆ ಮಾತ್ರ ಮರುದಿನ ಮನೆಮಂದಿಯೆಲ್ಲ ಹಾಜರು. ಪ್ರಶ್ನೆ ಒಂದೇ: "ಮಗೀಗೇನೂ ಆಗಕಿಲ್ವಾ?" ಆ ಪ್ರಶ್ನೆಗೆ ನಾನು ಎಂದೂ ನಕ್ಕವಳಲ್ಲ. ಅದರ ಹಿಂದೆ ಮುಂದೆ ನಡೆದದ್ದಕ್ಕೆ ಮಾತ್ರ ನಗದೆ ಇರಲಾಗಲಿಲ್ಲ.

೧. ಎರಡಚ್ಚು ಬೆಲ್ಲ

ವಾರಕ್ಕೊಮ್ಮೆ ಕೆ.ಆರ್.ಪೇಟೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಅಲ್ಲಿಗೆ ಸಿಂಧಘಟ್ಟದ ಗಂಡಹೆಂಡತಿ ಬಂದರು. ಹೆಂಡತಿಗೆ ಚೊಚ್ಚಲು ಬಸಿರು, ಕಣ್ಣು ಕೆಂಡ. ಅವಳಿಗೆ ತೊಂದರೆ ಮಾಡದ ತೊಟ್ಟು ಬರೆದು ಕಳಿಸಿದೆ. ಮುಂದಿನ ವಾರ ಬಾಗಿಲು ತೆಗೆಯುವ ಮೊದಲೇ ಗಂಡ ಅವಳನ್ನು ಕರೆದುಕೊಂಡು ಬಂದು ನಿಂತಿದ್ದ.

"ಡಾಕ್ಟ್ರಮ್ಮ, ಕಣ್ಗೆ ಬುಟ್ಟಿದ್ದು ಗಂಟ್ಲಿಗೆ ಬತ್ತಾ ಅದೆ. ಬೇವಿನ್ ಸೊಪ್ಪು ಅಗ್ದಂಗಾಯ್ತದಂತೆ ಇವ್ಳಿಗೆ. ಗಂಟ್ಲಿಗ್ ಬಂದಿದ್ದು ಒಟ್ಟೆಗ್ ಓಗಕಿಲ್ವಾ? ಒಟ್ಟೇಲಿ ಮಗ ಅಲ್ವಾ ಇರದು?"

ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಸಣ್ಣ ದಾರಿಯಿದೆ, ಹೋಗುವುದು ಒಂದು ಚೂರು, ಈ ಔಷಧಿಯಿಂದ ಮಗುವಿಗೇನೂ ಆಗುವುದಿಲ್ಲ ಅಂದೆ. ಅವನು ಉಸಿರು ಬಿಟ್ಟ.

"ಅಂಗಾರೆ ಸರಿ. ಮಗೀನ್ ಬಾಯಿ ಕಯಿ ಆಗ್ದಿರ್ಲಿ ಅಂತ ತೊಟ್ಟು ಬುಟ್ಟಾಗೆಲ್ಲ ಎರಡಚ್ಚು ಬೆಲ್ಲ ತಿನ್ನುಸ್ತಿದ್ದೆ. ಇನ್ ನಿಲ್ಲುಸ್ತೀನಿ ಬುಡಿ."

ಪಕ್ಕದಲ್ಲಿದ್ದ ಹೆಂಡತಿ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು: "ಡಾಕ್ಟ್ರಮ್ಮ, ಬೆಲ್ಲನೂ ಚೀಟೀಲಿ ಬರ್ದ್ಬುಡಿ. ಇಲ್ದಿದ್ರೆ ನಮ್ಮತ್ತೆ ಡಬ್ಬ ಮುಟ್ಟಕೇ ಬುಡಕಿಲ್ಲ."

೨. ಮೂಲೆ

ಬೆಲ್ಲದ ಕಥೆಯಾದ ಮೇಲೆ ಬಸುರಿಯರಿಗೆಲ್ಲ ಒಂದು ಮಾತು ಹೇಳಲು ಶುರುಮಾಡಿದೆ: "ಔಷಧಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿರಿ. ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ." ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ ಅಂತ ನನ್ನ ಅರ್ಥ.

ನಾಗಮಂಗಲದ ಮೇಷ್ಟ್ರೊಬ್ಬರು ಐದು ತಿಂಗಳ ಬಸುರಿ ಹೆಂಡತಿಗಾಗಿ ಔಷಧಿಯ ಜೊತೆ ಈ ಮಾತನ್ನೂ ಒಯ್ದಿದ್ದರು. ಕೆಲವು ದಿನ ಬಿಟ್ಟು ಹೆಂಡತಿಯನ್ನೂ ಕರೆದುಕೊಂಡು ಬಸ್ಸಿಳಿದು ಬಂದರು. ಮುಖ ಬಾಡಿತ್ತು.

"ಮೇಡಂ, ನಮ್ಮನೇಲಿ ಮೂಲೆ ಖಾಲಿ ಇಲ್ಲ. ಒಂದರಲ್ಲಿ ದೇವ್ರು. ಒಂದರಲ್ಲಿ ರಾಗಿ ಮೂಟೆ. ಒಂದರಲ್ಲಿ ನಮ್ಮಮ್ಮ ಮಲಗ್ತಾರೆ. ಉಳಿದಿದ್ದು ಒಂದೇ ಮೂಲೆ, ಅಲ್ಲಿ ಕೋಳಿ ಕಾವಿಗೆ ಕೂತಿದೆ. ಕೋಳಿ ಏಳಲ್ಲ ಅನ್ನುತ್ತೆ, ಇವಳು ಅದರ ಪಕ್ಕ ಕೂರಲ್ಲ ಅಂತಾಳೆ. ಮೂಲೆ ಹಿಡೀದಿದ್ರೆ ಮಗುಗೆ ತೊಂದ್ರೆನಾ?"

ನಾನು ಎದ್ದು ಹೋಗಿ ಆಕೆಯ ಕಣ್ಣಿನ ಮೂಲೆಯ ಮೇಲೆ ಆಕೆಯದೇ ಬೆರಳಿಟ್ಟು ತೋರಿಸಿದೆ. ಆಕೆ ಬೆರಳಿಟ್ಟುಕೊಂಡೇ ನಗಲು ಶುರುಮಾಡಿದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಅಂದ್ರೆ ಕೋಳಿನ ಎಬ್ಬಿಸಬೇಕಾಗಿಲ್ಲ ಅಲ್ವಾ ಮೇಡಂ?"

೩. ಹೊರಗಿನ ಉಪಯೋಗ

ಚಿನಕುರಳಿಯ ಹೆಣ್ಣುಮಗಳ ವಿಷಯ ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಕಬ್ಬಿನ ಗರಿ ಗೀರಿ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿತ್ತು. ತುಂಬಿದ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಹುಣ್ಣು ಬೆಳೆದರೆ ಕಣ್ಣು ಹೋಗುತ್ತದೆ. ಬಸುರಿಯರಿಗೆ ಆಗದ ತೊಟ್ಟುಗಳೂ ಇವೆಯಾದ್ದರಿಂದ, ಶ್ರೀರಂಗಪಟ್ಟಣದ ಹೆರಿಗೆ ಡಾಕ್ಟರಿಗೆ ಫೋನು ಮಾಡಿ ಕೇಳಿ, ಆಗುವಂಥದ್ದನ್ನೇ ಕೊಟ್ಟೆ. ಗಂಟೆಗೊಮ್ಮೆ ಬಿಡಿ, ನಾಳೆಯೇ ಬನ್ನಿ ಅಂದೆ. ಜೊತೆಗಿದ್ದ ಅತ್ತೆ ತಲೆಯಾಡಿಸಿದರು.

ಮರುದಿನ ಬರಲಿಲ್ಲ. ಮೂರನೆಯ ದಿನ ಬಂದಾಗ ಕಣ್ಣು ಊದಿಕೊಂಡು, ಹುಣ್ಣು ದೊಡ್ಡದಾಗಿತ್ತು. ಔಷಧಿ ಬಿಟ್ಟಿರಾ ಅಂತ ಕೇಳಿದೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಸೀಲೇ ಒಡೆದಿಲ್ಲ!

"ಯಾಕಮ್ಮಾ?" ಅಂತ ಕೂಗಿಯೇಬಿಟ್ಟೆ.

"ನೀವೇ ಅದ್ರ ಮ್ಯಾಲೆ ಬರ್ದಿದ್ದೀರಲ್ಲ. ಪಕ್ಕದ್ಮನೆಯೋರು ಓದ್ ಏಳುದ್ರು."

ಹಿಂದೆ ಯಾರೋ ಪುಣ್ಯಾತ್ಮ ಕಣ್ಣಿನ ಔಷಧಿ ಕುಡಿದುಬಿಟ್ಟಿದ್ದ. ಅಂದಿನಿಂದ ನಮ್ಮ ಕಾಂಪೌಂಡರು ಎಲ್ಲ ಬಾಟಲಿಗೂ ಕನ್ನಡದ ಚೀಟಿ ಅಂಟಿಸುತ್ತಿದ್ದರು: 'ಹೊರಗಿನ ಉಪಯೋಗಕ್ಕೆ ಮಾತ್ರ.' ನಮ್ಮ ಕಡೆ ಹೆಂಗಸರು ತಿಂಗಳ ಮುಟ್ಟಿಗೆ 'ಹೊರಗಾಗುವುದು' ಅನ್ನುತ್ತಾರೆ.

ಅತ್ತೆ ದನಿ ತಗ್ಗಿಸಿದರು. "ಒರ್ಗಾದೋರ್ಗೆ ಮಾತ್ರ ಅಂತ ಅದೆ. ಬಸ್ರಿ ಎಲ್ಲಾರ ಒರ್ಗಾಯ್ತಾಳಾ? ಇದ್ ಬುಟ್ಟು ಒರ್ಗಾಗ್ಬುಟ್ರೆ ಮಗೀನ್ ಗತಿ ಏನವ್ವಾ? ಎರಡ್ ಸಲ ಕಳ್ಕೊಂಡಿವ್ನಿ."

ನನ್ನ ಸಿಟ್ಟು ಅಲ್ಲೇ ಇಳಿಯಿತು. "ಹೊರಗೆ ಅಂದರೆ ಅದಲ್ಲಮ್ಮ, ಕುಡಿಯಬಾರದು ಅಂತ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಣ್ಣಿನ್ ಔಸ್ದಿನ ಯಾರಾರ ಕುಡಿತಾರಾ? ಅಷ್ಟೂ ಬುದ್ದಿ ಇಲ್ವಾ ಜನಕ್ಕೆ?"

ಮೊದಲ ತೊಟ್ಟು ನಾನೇ ಬಿಟ್ಟೆ. ಮಿಕ್ಕದ್ದನ್ನು ಅತ್ತೆ, ಪಾಂಡವಪುರದ ನೆಂಟರ ಮನೆಯಲ್ಲಿ ಸೊಸೆಯನ್ನು ಇಟ್ಟುಕೊಂಡು, ಹಗಲು ರಾತ್ರಿ ಒಂದು ಗಂಟೆಯೂ ತಪ್ಪಿಸದೆ ಬಿಟ್ಟರು. ಹುಣ್ಣು ಮಾಗಿತು. ಅಂಚಿನಲ್ಲೊಂದು ಸಣ್ಣ ಕಲೆ ಉಳಿಯಿತು, ನೋಟಕ್ಕೆ ಏನೂ ಆಗಲಿಲ್ಲ. ನಾನು ಮನೆದೇವರಿಗೆ ಕೈಮುಗಿದೆ. ಬಾಟಲಿಗಳ ಮೇಲಿನ ಚೀಟಿಯನ್ನೂ 'ಕಣ್ಣಿಗೆ ಮಾತ್ರ, ಕುಡಿಯಬಾರದು' ಅಂತ ಬದಲಾಯಿಸಿದೆ.

ಹೆರಿಗೆಯಾಗಿ ಕೆಲವು ತಿಂಗಳಿಗೆ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಬಂದರು. ಗುಂಡುಗುಂಡಗೆ ಇತ್ತು. ಖುಷಿಗೆ ಬಾಯಿ ತಡೆಯದೆ, "ಅಬ್ಬಾ, ಎಷ್ಟು ಚೆನ್ನಾಗಿದೆ ಮಗು! ಎಂಥಾ ಕೆನ್ನೆ, ಎಂಥಾ ಮೈಬಣ್ಣ!" ಅಂದೆ.

ಅತ್ತೆ ಥಟ್ಟನೆ ಮಗುವಿನ ಮೇಲೆ ಸೆರಗು ಮುಚ್ಚಿದರು.

"ಡಾಕ್ಟ್ರಮ್ಮ, ಕಣ್ಗೆ ಆಕದು ನಿಮ್ ಕೆಲ್ಸ. ಕಣ್ ಆಕ್ಬ್ಯಾಡಿ!"