ಕಡತಪ್ಪನವರ ನಲವತ್ತೊಂದು ಸಾವಿರ ಹೆಜ್ಜೆ

ಮನುಷ್ಯ ನಡೆದನೋ ಇಲ್ಲವೋ ಎಂದು ಅವನ ಕಾಲನ್ನು ಕೇಳದೆ ಮಣಿಕಟ್ಟನ್ನು ಕೇಳುವ ಕಾಲ ಬಂದಿದೆ. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಯಾರಿಗೂ ತೊಂದರೆ ಕೊಡದ ಕಡತಪ್ಪನವರಿಗೆ ಆ ದಿನ ಅಂಥ ಗತಿ ಬರುತ್ತಿರಲಿಲ್ಲ.

ಕಡತಪ್ಪ ಎಂಬುದು ಅವರ ಹೆಸರಲ್ಲ. ನೀರು ಸರಬರಾಜು ಕಚೇರಿಯ ಕಡತಗಳ ಕೋಣೆ ನೋಡಿಕೊಳ್ಳುತ್ತಿದ್ದುದರಿಂದ ಸಹೋದ್ಯೋಗಿಗಳು ಇಟ್ಟದ್ದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕೋಣೆಯ ಕಿಟಕಿಯ ಪಕ್ಕ ಅವರ ಕುರ್ಚಿ, ನೆತ್ತಿಯ ಮೇಲೆ ಫ್ಯಾನು, ಮೇಜಿನ ಕೆಳಗೆ ಕಾಲು ಚಾಚಲು ಒಂದು ಮುರುಕು ಸ್ಟೂಲು. ಬಲ ಮೊಣಕಾಲು ಹದಗೆಟ್ಟು ಎಂಟು ವರ್ಷವಾಗಿತ್ತು. ನಿವೃತ್ತಿಗೆ ಉಳಿದಿದ್ದ ಮೂರು ವರ್ಷವನ್ನು ಆ ಕುರ್ಚಿಯಲ್ಲೇ ಕಳೆದುಬಿಟ್ಟರೆ ದೇವರನ್ನು ಇನ್ನೇನೂ ಕೇಳುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಅಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದರು. ಅವರಿಗೆ ಆರೋಗ್ಯದ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಯಂತ್ರದ ಹುಚ್ಚು. ಎಲ್ಲರ ಕೈಗೂ ಒಂದೊಂದು ಕಪ್ಪು ಪಟ್ಟಿ ಕಟ್ಟಿಸಿದರು. ನಡೆದಂತೆಲ್ಲ ಅದು ಹೆಜ್ಜೆ ಎಣಿಸಿ, ಕಚೇರಿಯ ಬಾಗಿಲಲ್ಲಿ ತೂಗುಹಾಕಿದ ದೊಡ್ಡ ಪರದೆಗೆ ತಾನೇ ಲೆಕ್ಕ ಕಳಿಸುತ್ತಿತ್ತು. ತಿಂಗಳ ಕೊನೆಯ ದಿನ ಹೆಜ್ಜೆಯ ಸ್ಪರ್ಧೆ. ಕೆಲಸದ ವೇಳೆಯಲ್ಲೂ ಎಲ್ಲಿ ಬೇಕಾದರೂ ನಡೆಯಬಹುದು, ಸಂಜೆ ಐದಕ್ಕೆ ಪಟ್ಟಿಯನ್ನು ಖುದ್ದಾಗಿ ಸಾಹೇಬರಿಗೆ ಒಪ್ಪಿಸಬೇಕು, ಒಪ್ಪಿಸದವರ ಲೆಕ್ಕ ಸೊನ್ನೆ ಎಂದು ಸುತ್ತೋಲೆ ಹೊರಟಿತು.

ಸ್ಪರ್ಧೆಯ ದಿನ ಬೆಳಿಗ್ಗೆ ಆರಕ್ಕೇ ಕಚೇರಿಯ ಫೋನ್ ಗುಂಪಿಗೆ ಹಾಜರಿ ಗುಮಾಸ್ತೆಯ ಸಂದೇಶ ಬಂತು: 'ಮೀಟರ್ ಓದುವವರು ಇವತ್ತು ನಿವೃತ್ತಿ. ಅತಿ ಕಡಿಮೆ ಹೆಜ್ಜೆ ಹಾಕಿದವರನ್ನ ಆ ಜಾಗಕ್ಕೆ ಹಾಕ್ತಾರಂತೆ. ನಡೆಸಿ ನಡೆಸಿ ಸರಿ ಮಾಡೋಕಂತೆ. ಎಲ್ಲರಿಗೂ ಕಳಿಸಿ.' ಹತ್ತು ನಿಮಿಷದಲ್ಲಿ ಹದಿನೇಳು ಮಂದಿ ಕೈಮುಗಿದ ಚಿತ್ರ ಒತ್ತಿದರು. ಸಾಹೇಬರನ್ನೇ ಒಂದು ಮಾತು ಕೇಳಿದರಾಯಿತಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಇದೇ ಮಾತನ್ನು ಗುಮಾಸ್ತೆ ಬಾಯಲ್ಲಿ ಹೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೀಟರ್ ಓದುವುದೆಂದರೆ ದಿನವಿಡೀ ಬಿಸಿಲು, ಮೆಟ್ಟಿಲು, ಬೀದಿನಾಯಿ. ಕಡತಪ್ಪನವರು ಮೊಣಕಾಲು ಹಿಡಿದುಕೊಂಡು ಮಂಚದ ಮೇಲೆ ಕುಸಿದರು.

"ಹಾಗಾದ್ರೆ ಎದ್ದು ನಡೀರಿ. ಡಾಕ್ಟರೂ ಅದನ್ನೇ ತಾನೆ ಹೇಳಿದ್ದು" ಎಂದಳು ಹೆಂಡತಿ.

"ನೋಯೋದು ಯಾರ ಕಾಲು?"

"ಕಾಲು ನಿಮ್ಮದೇ. ರಾತ್ರಿಯೆಲ್ಲ ನರಳೋದನ್ನ ಕೇಳೋ ಕಿವಿ ನಂದು."

ಆಗ ಕೆಳಗಿನ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಕಡತಪ್ಪನವರ ತಲೆಯಲ್ಲಿ ಏನೋ ಮಿಂಚಿತು. ಕಂಬಿ ಹಿಡಿದು ಮೆಟ್ಟಿಲಿಳಿದು ಹೋಗಿ, ದರ್ಜಿ ಹೆಂಗಸು ತುಳಿಯುತ್ತಿದ್ದ ಪೆಡಲಿಗೆ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರು.

"ಇದೇನಣ್ಣ, ಗಡಿಯಾರ ತಂದು ಇಲ್ಲಿ ಕಟ್ತೀರಾ?"

"ಕೈಗೆ ಕಟ್ಟಿದ್ರೆ ನಾನು ನಡೀಬೇಕು ತಾಯಿ. ಇಲ್ಲಾದ್ರೆ ನೀನು ತುಳಿದ್ರೆ ಸಾಕು."

"ತುಳಿಯೋಕೇನು ಬರ? ಅರವತ್ತು ಶಾಲೆ ಅಂಗಿ ಇವತ್ತೇ ಕೊಡ್ಬೇಕು" ಎಂದು ಆಕೆ ಕಾಲು ನಿಲ್ಲಿಸದೆಯೇ ಹೇಳಿದಳು.

ಕಚೇರಿ ಆ ದಿನ ನೋಡುವ ಹಾಗಿತ್ತು. ಲೆಕ್ಕಿಗರು ಕಾರಿಡಾರಿನಲ್ಲಿ ಮದುವೆ ಮನೆಯ ಯಜಮಾನರಂತೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದರು. ಜೀಪಿನ ಚಾಲಕ ಸೀಟಿನಲ್ಲಿ ಒರಗಿಕೊಂಡು ಕೈಯೊಂದನ್ನೇ ಬೀಸುತ್ತಿದ್ದ. ನಾಲ್ಕು ದಿನದಿಂದ ನಲ್ಲಿಯಲ್ಲಿ ನೀರಿಲ್ಲವೆಂದು ದೂರು ತಂದವರು ಖಾಲಿ ಕೌಂಟರಿನ ಮುಂದೆ ನಿಂತಿದ್ದರು. ಅವರ ಹೆಜ್ಜೆಯನ್ನು ಎಣಿಸುವವರು ಯಾರೂ ಇರಲಿಲ್ಲ. ದಿಂಬು ಎಂದು ಹೆಸರಾದ ಬೆರಳಚ್ಚುಗಾರ ಒಬ್ಬನೇ ಎಂದಿನಂತೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಅವನದು ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ಯಾವ ಗುಂಪಿನ ಸಂದೇಶವೂ ಬರುವುದಿಲ್ಲ. ಕಡತಪ್ಪನವರಿಗೆ ಅವನ ಮೇಲೆ ಕನಿಕರ ಹುಟ್ಟಿತು. ಪಾಪ, ನಾಳೆಯಿಂದ ಬಿಸಿಲಲ್ಲಿ ಸಾಯುತ್ತಾನೆ ಎಂದುಕೊಂಡು ಸ್ಟೂಲಿನ ಮೇಲೆ ಕಾಲು ಚಾಚಿದರು.

ಹನ್ನೊಂದಕ್ಕೆ ಹಾಜರಿ ಗುಮಾಸ್ತೆ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ಏನ್ರೀ ಇದು, ಪರದೇಲಿ ನಿಮ್ದು ಇಪ್ಪತ್ತಮೂರು ಸಾವಿರ ದಾಟಿದೆ. ನೀವು ನೋಡಿದ್ರೆ ಕೂತಲ್ಲೇ ಇದೀರ."

ಕಡತಪ್ಪನವರು ಗಾಬರಿಯಿಂದ ಮೇಜಿನ ಕೆಳಗೆ ಎರಡೂ ಕಾಲು ಕುಣಿಸಿದರು. "ಕೂತಲ್ಲೇ ಓಡ್ತಾ ಇದೀನಮ್ಮ."

"ಕೈಯಲ್ಲಿ ಪಟ್ಟಿನೇ ಇಲ್ವಲ್ಲ."

"ಕಾಲ್ಚೀಲದೊಳಗಿದೆ."

ಆಕೆ ಆಗಲೇ ಫೋನಿನ ದೀಪ ಹಚ್ಚಿ ಮೇಜಿನ ಕೆಳಗೆ ಬಗ್ಗಿದ್ದಳು. ಚಿತ್ರ ತೆಗೆದು ಗುಂಪಿಗೆ ಹಾಕಿದರೆ ಮುಗಿಯಿತು. ಪಟ್ಟಿಯನ್ನು ತಂದು ಕೈಗೆ ಕಟ್ಟಿಕೊಳ್ಳುವುದೇ ಕ್ಷೇಮವೆಂದು, ಒಂದು ಸುತ್ತು ನಡೆದು ಬರುತ್ತೇನೆಂದು ಹೇಳಿ ಕಡತಪ್ಪನವರು ಕುಂಟುತ್ತ ಮನೆಯ ದಾರಿ ಹಿಡಿದರು.

ಪೆಡಲಿನಲ್ಲಿ ಪಟ್ಟಿ ಇರಲಿಲ್ಲ.

"ಅದು ಗುರ್ ಗುರ್ ಅಂತ ಕಾಲಿಗೆ ಕಚಗುಳಿ ಇಡ್ತಿತ್ತಣ್ಣ. ಬಿಚ್ಚಿ, ಕಳೆದುಹೋಗ್ಬಾರ್ದು ಅಂತ ಮಡಿಸಿಟ್ಟ ಪ್ಯಾಂಟಿನ ಜೇಬಲ್ಲಿ ಹಾಕಿದ್ದೆ."

"ಪ್ಯಾಂಟು ಎಲ್ಲಿ?"

"ಅಂಚೆಯವರದ್ದು ಅದು. ಈಗ ತಾನೆ ಬಂದು ಇಲ್ಲೇ ಹಾಕ್ಕೊಂಡು ಹೋದ್ರು" ಎಂದವಳೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಂಚೆಯವರ ಫೋನ್ ನಂಬರು ಇಬ್ಬರ ಹತ್ತಿರವೂ ಇರಲಿಲ್ಲ. ಐದರೊಳಗೆ ಪಟ್ಟಿ ಕೈಗೆ ಸಿಗದಿದ್ದರೆ ಲೆಕ್ಕ ಸೊನ್ನೆ, ಕುರ್ಚಿ ಖೋತಾ. ಎಂಟು ವರ್ಷದಿಂದ ಮೂಲೆಯ ಅಂಗಡಿಗೂ ನಡೆಯದಿದ್ದ ಮನುಷ್ಯ ಊರು ಸುತ್ತಲು ಹೊರಟರು. ಹೋದ ಮನೆಯಲ್ಲೆಲ್ಲ ಒಂದೇ ಉತ್ತರ: ಈಗ ತಾನೆ ಕಾಗದ ಕೊಟ್ಟು ಹೋದರು. ಬಸ್ ನಿಲ್ದಾಣದಲ್ಲಿ ಹನ್ನೊಂದು ಮಂದಿ ನಿಂತಿದ್ದರು, ಹನ್ನೊಂದು ಮಂದಿಯೂ ಫೋನಿನೊಳಗೆ ಮುಖ ಹೂತಿದ್ದರು. ಅಂಚೆಯವರು ಯಾವ ಕಡೆ ಹೋದರು ಎಂದರೆ ಒಬ್ಬನೂ ನೋಡಿರಲಿಲ್ಲ. ಎದುರಿಗೆ ಆನೆ ಹಾದುಹೋಗಿದ್ದರೂ, ಯಾರಾದರೂ ಅದರ ಚಿತ್ರ ಕಳಿಸುವವರೆಗೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬ ಮಾತ್ರ ಪರೋಪಕಾರಿ. ನಕ್ಷೆ ತೆರೆದು ನೋಡಿ, ನೇರ ಹೋಗಿ ಎಡಕ್ಕೆ ತಿರುಗಿದರೆ ಅಂಚೆ ಕಚೇರಿ ಎಂದು ಘನವಾಗಿ ಹೇಳಿದ. ನೇರ ಹೋಗಿ ಎಡಕ್ಕೆ ತಿರುಗಿದರೆ ಗೋಡೆಯಿತ್ತು. ಗೋಡೆ ಸುತ್ತಿ ಬಂದು ಅಂಚೆ ಕಚೇರಿ ಮುಟ್ಟಿದರೆ, ಅವರು ಸಂಜೆಗಲ್ಲದೆ ಬರುವುದಿಲ್ಲ ಎಂಬ ಉತ್ತರ ಕಾದಿತ್ತು.

ನಾಲ್ಕೂಕಾಲಿಗೆ, ಲಿಫ್ಟ್ ಕೆಟ್ಟಿದ್ದ ಒಂದು ಕಟ್ಟಡದ ನಾಲ್ಕನೆಯ ಮಹಡಿಯ ಮೆಟ್ಟಿಲ ಮೇಲೆ ಅಂಚೆಯವರು ಸಿಕ್ಕರು. ಚೀಲ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮಧ್ಯಾಹ್ನದಿಂದ ತೊಡೆ ಹತ್ರ ಆಗಾಗ ಗುರ್ ಅಂತಿದೆ. ಫೋನಲ್ಲಿ ಹಾಕಿ ನೋಡಿದೆ. ನರದ ಕಾಯಿಲೆ, ಆರು ತಿಂಗಳು ಬದುಕಿದ್ರೆ ಹೆಚ್ಚು ಅಂತ ತೋರಿಸ್ತು. ಹೆಂಡ್ತಿಗೂ ಹೇಳಿಬಿಟ್ಟೆ."

ಕಡತಪ್ಪನವರು ಅವರ ಜೇಬಿಗೆ ಕೈ ಹಾಕಿ ಕಾಯಿಲೆಯನ್ನು ಹೊರಗೆಳೆದರು. ಗುರ್ ಎನ್ನುವುದು, ಸಾವಿರ ಹೆಜ್ಜೆಗೊಮ್ಮೆ ಪಟ್ಟಿ ಶಹಬಾಸ್ ಹೇಳುವ ರೀತಿ. ಜೀವದಾನ ಸಿಕ್ಕವನಿಗೆ ಸಂತೋಷವಾಗಬೇಕಿತ್ತು. ಅಂಚೆಯವರು ಮಾತ್ರ, ನೆಂಟರೆಲ್ಲ ಆಗಲೇ ಬಸ್ ಹತ್ತಿದ್ದಾರಲ್ಲ ಎಂದು ಕಡತಪ್ಪನವರನ್ನೇ ಬೈದರು.

ಐದಕ್ಕೆ ಎರಡು ನಿಮಿಷವಿದ್ದಾಗ ಕಡತಪ್ಪನವರು ಕಚೇರಿಯ ಹೊಸ್ತಿಲು ದಾಟಿದರು. ಚಪ್ಪಲಿಯ ಬಾರು ಕಿತ್ತಿತ್ತು, ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಪರದೆಯ ತುದಿಯಲ್ಲಿ ಅವರ ಹೆಸರು: ನಲವತ್ತೊಂದು ಸಾವಿರ. ಬುಡದಲ್ಲಿ ದಿಂಬು: ಇನ್ನೂರ ಹನ್ನೆರಡು. ಕುರ್ಚಿ ಉಳಿಯಿತು ಎಂದು ಕಡತಪ್ಪನವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಮೀಟರ್ ಓದೋಕೆ ಯಾರನ್ನ ಹಾಕೋದು ಅಂತ ತಿಂಗಳಿಂದ ಯೋಚನೆ ಮಾಡ್ತಿದ್ದೆ. ನಡೆಯೋ ಶಕ್ತಿ ಯಾರಿಗಿದೆ ಅಂತ ತಿಳಿಯೋಕೇ ಈ ಸ್ಪರ್ಧೆ ಇಟ್ಟದ್ದು. ಇಂಥ ಕಾಲುಗಳನ್ನ ಇಪ್ಪತ್ತೆರಡು ವರ್ಷ ಕುರ್ಚಿಗೆ ಕಟ್ಟಿಹಾಕಿದ್ದು ನಮ್ಮ ತಪ್ಪು. ನಾಳೆಯಿಂದ ಮೀಟರ್ ಇವರದ್ದು. ದಿನಕ್ಕೆ ಇನ್ನೂರು ಹೆಜ್ಜೆ ಹಾಕೋ ಆ ಬೆರಳಚ್ಚುಗಾರರು ಕಡತದ ಕೋಣೆಯಲ್ಲಿ ಕೂತ್ಕೊಳ್ಳಲಿ."

ಚಪ್ಪಾಳೆಗೆ ದಿಂಬು ಎಚ್ಚರಗೊಂಡು, ಏನಾಯಿತು ಎಂದು ಪಕ್ಕದವರನ್ನು ಕೇಳಿದ. ಹಾಜರಿ ಗುಮಾಸ್ತೆ, ತಾನು ಮೊದಲೇ ಹೇಳಿರಲಿಲ್ಲವೇ ಎಂದು ಗುಂಪಿಗೆ ಸಂದೇಶ ಹಾಕಿದಳು.

"ಸಾರ್, ಅದು ನನ್ನ ಹೆಜ್ಜೆ ಅಲ್ಲ. ಅರ್ಧ ಹೊಲಿಗೆ ಯಂತ್ರದ್ದು, ಅರ್ಧ ಅಂಚೆಯವರದ್ದು" ಎಂದರು ಕಡತಪ್ಪನವರು.

"ಎಷ್ಟು ವಿನಯ ನೋಡಿ" ಎಂದರು ಸಾಹೇಬರು ಎಲ್ಲರ ಕಡೆ ತಿರುಗಿ. "ಯಂತ್ರ ಸುಳ್ಳು ಹೇಳುತ್ತಾ? ಅದೂ ಬೇಡ, ಇವರ ಚಪ್ಪಲಿ ನೋಡಿ."

ಎಲ್ಲರೂ ಚಪ್ಪಲಿ ನೋಡಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಸಾಹೇಬರು ಬಹುಮಾನವಾಗಿ ಅವರ ಕೈಗೆ ಹೊಸ ಪಟ್ಟಿಯೊಂದನ್ನು ತಾವೇ ತೊಡಿಸಿದರು.

ಮಾರನೆಯ ದಿನ ಕಡತಪ್ಪನವರು ಸಂಜೆಯವರೆಗೆ ಮನೆಮನೆ ಸುತ್ತಿ ಮೀಟರ್ ಓದಿದರು. ಅದರ ಮಾರನೆಯ ಬೆಳಿಗ್ಗೆ ಫೋನಿಗೆ ನೋಟಿಸು ಬಂತು: 'ನಿನ್ನೆ ನಿಮ್ಮ ಹೆಜ್ಜೆ ಒಂಬತ್ತು ಸಾವಿರ ಮಾತ್ರ. ಮೂವತ್ತೆರಡು ಸಾವಿರ ಏಕೆ ಕಡಿಮೆಯಾಯಿತೆಂದು ಲಿಖಿತ ಸಮಜಾಯಿಷಿ ಕೊಡಿ. ಕೆಲಸಗಳ್ಳತನ ಸಹಿಸುವುದಿಲ್ಲ.'

ನೋಟಿಸು ಓದುವಾಗ ಅವರು ಕೆಳಗಿನ ಮನೆಯ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

"ಮುಖ ಯಾಕಣ್ಣ ಸಪ್ಪಗಿದೆ? ತನ್ನಿ ಇಲ್ಲಿ, ಪಟ್ಟಿ ಕಟ್ಟಿ ಹೋಗಿ. ಇವತ್ತು ಎಂಬತ್ತು ಅಂಗಿ ಇದೆ" ಎಂದಳು ದರ್ಜಿ ಹೆಂಗಸು.

ಕಡತಪ್ಪನವರು ಕೈಯನ್ನು ಅವಳ ಮುಂದೆ ಚಾಚಿದರು. ಹೊಸ ಪಟ್ಟಿಯ ಕೊಕ್ಕೆ ಸಾಹೇಬರ ಫೋನಿನಿಂದಲ್ಲದೆ ತೆರೆಯುತ್ತಿರಲಿಲ್ಲ.